ಸಂಕದ ಮೇಲೆ ಕಣ್ಣು

ದೊಡ್ಮನೆ
17 ಜನವರಿ 2002

ಪ್ರೀತಿಯ ವಾಣಿ,

ಸಂಕ್ರಾಂತಿಯ ಎಳ್ಳು ಕಳಿಸಿದ್ದೇನೆ. ಪೊಟ್ಟಣ ಒಡೆಯದೆ ಬಂದರೆ ಅದು ನಿನ್ನ ಪುಣ್ಯ, ಒಡೆದು ಬಂದರೆ ನಮ್ಮ ಪೋಸ್ಟಿನವನ ಪುಣ್ಯ. ಇಲ್ಲಿ ಎಲ್ಲರೂ ಇದ್ದ ಹಾಗೇ ಇದ್ದೇವೆ. ಅತ್ತೆಯ ಮಂಡಿನೋವು, ನಿನ್ನ ಅಣ್ಣಯ್ಯನ ಬಾಯಿ, ಎರಡೂ ಕಡಿಮೆಯಾಗಿಲ್ಲ. ಅಡಿಕೆ ಸುಲಿಯುವ ಗಡಿಬಿಡಿ ನಡೆದಿದೆ. ಯಾವ ಕಾಲದಲ್ಲೋ ಸುಲಿಯುವ ಮೆಟ್ಟುಗತ್ತಿ ತಾಗಿದ ನನ್ನ ಎಡಗೈ ಗಾಯ ಈ ಚಳಿಗೆ ಸೆಳೆಯುತ್ತದೆ. ಅಭಿಜ್ಞಾಳನ್ನು ಜೂನಿನಲ್ಲಿ ಒಂದನೇ ಇಯತ್ತೆಗೆ ಹಾಕಬೇಕು. ನಿನ್ನ ಮನೆಯಲ್ಲಿ ತೊಟ್ಟಿಲು ಕಟ್ಟುವುದು ಯಾವಾಗ ಅಂತ ಅತ್ತೆ ಕೇಳಲು ಹೇಳಿದ್ದಾರೆ. ಕೇಳಿದ್ದೇನೆ, ನನ್ನ ಕೆಲಸ ಮುಗಿಯಿತು.

ಪತ್ರ ಬರೆಯಲು ಕಾರಣ ಬೇರೆ. ಮೊನ್ನೆ ನಿನ್ನ ಯಜಮಾನರು ಸುಹಾಸ ಭಾವ ಫೋನು ಮಾಡಿದ್ದರಂತೆ. ಇವರು ಊಟಕ್ಕೆ ಕೂತಾಗ ಅರ್ಧಂಬರ್ಧ ಹೇಳಿದರು. "ವಾಣಿ ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಡ. ಅವು ಬೆರಳು ಆಡಿಸ್ತ್ವಡ, ಇದು ಕಣ್ಣು ಆಡಿಸ್ತಡ. ಹಾಂಗೆ ಮಾಡಿರೆ ಹಳೇ ಹೆದರಿಕೆ ಹೋಗ್ತಡ." ನನಗೆ ಮೊದಲು ನಗು ಬಂತು. ಕಣ್ಣು ಆಡಿಸಿದರೆ ಮನಸ್ಸು ಸರಿಯಾಗುವುದಾದರೆ ನಮ್ಮ ಯಕ್ಷಗಾನದ ವೇಷಧಾರಿಗಳೆಲ್ಲ ಪರಮಸುಖಿಗಳಾಗಿರಬೇಕಿತ್ತು.

ಆದರೆ ಶಿರಸಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದಾನಲ್ಲ ನಮ್ಮ ಮಧುಕೇಶ್ವರ, ಅವನು ಬಂದಿದ್ದಾಗ ಈ ಸುದ್ದಿ ಎತ್ತಿದೆ. ಅವನು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದನಂತೆ. "ಹಳೇ ಕ್ಯಾಸೆಟ್ ಮೇಲೆ ಹೊಸತು ತುಂಬಿದ ಹಾಂಗೆ ಅತ್ತಿಗೆ, ಹಳೇದು ಅಳಸಿ ಹೋಗ್ತು" ಅಂದ. ಅಲ್ಲಿಂದ ನನಗೆ ನಿದ್ದೆ ಸರಿಯಾಗಿಲ್ಲ.

ಏಕೆಂದರೆ ವಾಣಿ, ಅಭಿಜ್ಞಾ ಹುಟ್ಟುವ ಮೊದಲಿನ ಮಳೆಗಾಲದ ಆ ದಿನ ನಂದನನನ್ನು ಶಾಲೆಗೆ ದಾಟಿಸಲು ಹೋದವಳು ನೀನು. ಹಳ್ಳದ ಹತ್ತಿರ ಇದ್ದವಳು ನೀನೊಬ್ಬಳೇ. ನಾನು ಹೆತ್ತ ಮಾಣಿಯ ಕೊನೆಯ ಗಳಿಗೆ ನಿನ್ನ ಕಣ್ಣಿನಲ್ಲಿ ಬಿಟ್ಟರೆ ಈ ಲೋಕದಲ್ಲಿ ಬೇರೆಲ್ಲೂ ಇಲ್ಲ. ಇಷ್ಟು ವರ್ಷ ನಾನು ಕೇಳಲಿಲ್ಲ, ನೀನು ಹೇಳಲಿಲ್ಲ, ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಕೇಳದಿದ್ದರೂ ಅದು ಎಲ್ಲೋ ಇದೆ ಅನ್ನುವ ಧೈರ್ಯವಿತ್ತು. ಈಗ ಅಳಿಸುತ್ತಾರೆ ಅಂದರೆ ಹೇಗೆ? ಅವನು ಏನಾದರೂ ಹೇಳಿದನೇ? ಕೂಗಿದನೇ? ನನ್ನನ್ನು ಕರೆದನೇ? ಅಳಿಸುವ ಮೊದಲು ಒಂದು ಕಾಗದದಲ್ಲಿ ಬರೆದು ನನಗೆ ಕೊಡು. ಆಮೇಲೆ ಏನು ಬೇಕಾದರೂ ಮಾಡಿಸಿಕೋ.

ನಿನ್ನ
ವಿನೋದಾ

ಧಾರವಾಡ
3 ಫೆಬ್ರವರಿ 2002

ಅತ್ತಿಗೆಗೆ ನಮಸ್ಕಾರಗಳು.

ಎಳ್ಳು ಬಂತು, ಪೊಟ್ಟಣ ಅರ್ಧ ಒಡೆದಿತ್ತು. ನಾವಿಬ್ಬರೂ ಚೆನ್ನಾಗಿದ್ದೇವೆ. ಇವರಿಗೆ ಕಾಲೇಜಿನ ಪರೀಕ್ಷೆಯ ಕೆಲಸ. ಫೋನು ಮಾಡೋಣವೆಂದುಕೊಂಡೆ, ಆದರೆ ದೊಡ್ಮನೆಯ ಫೋನಿಗೆ ಜಗುಲಿಯ ತುಂಬ ಕಿವಿ ಇವೆಯಲ್ಲ, ಅದಕ್ಕೇ ಪತ್ರ.

ಡಾಕ್ಟರರ ಹೆಸರು ಪರಿಮಳಾ. ಕಳೆದ ವರ್ಷ ಭೂಕಂಪವಾದಾಗ ಗುಜರಾತಿಗೆ ಹೋಗಿದ್ದರಂತೆ, ಈ ವಿದ್ಯೆ ಅಲ್ಲಿ ಕಲಿತದ್ದು. ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಆ ದಿನದ ಒಂದು ಚಿತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಲು ಹೇಳಿ, ಎರಡು ಬೆರಳು ಎತ್ತಿ ನನ್ನ ಮುಖದ ಮುಂದೆ ಎಡಕ್ಕೆ ಬಲಕ್ಕೆ ಆಡಿಸುತ್ತಾರೆ. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ ಬೆರಳಿನ ಹಿಂದೆ ಹೋಗಬೇಕು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ "ಏನ್ ಬಂತ್ರಿ ಈಗ?" ಅಂತಾರೆ. ಬಂದದ್ದನ್ನು ಹೇಳಿದರೆ "ಅದರ ಕೂಡನ ಹೋಗ್ರಿ" ಅಂತ ಮತ್ತೆ ಬೆರಳು. ಇಷ್ಟೇ. ಔಷಧವಿಲ್ಲ, ಸೂಜಿಯಿಲ್ಲ. ಇದರಿಂದ ಹೇಗೆ ಗುಣವಾಗುತ್ತದೆ ಅಂತ ಕೇಳಿದರೆ, "ಪೂರ್ತಿ ನಮಗೂ ಗೊತ್ತಿಲ್ರಿ, ಆದ್ರ ಆಗತದ" ಅಂತ ನಕ್ಕರು.

ತಮಾಷೆಯೆಂದರೆ, ನನ್ನಿಂದ ಅದು ಆಗುತ್ತಲೇ ಇಲ್ಲ. ಚಿತ್ರ ಮನಸ್ಸಿಗೆ ಬಂದ ಕೂಡಲೇ ನನ್ನ ಕಣ್ಣು ಅವರ ಬೆರಳು ಬಿಟ್ಟು ಹಿಂದಿನ ಗೋಡೆಯ ಕ್ಯಾಲೆಂಡರಿಗೆ ಅಂಟಿಕೊಳ್ಳುತ್ತದೆ. ಎಷ್ಟು ಹೇಳಿದರೂ ಅಲ್ಲಿಂದ ಕೀಳಲಾಗುವುದಿಲ್ಲ. ಕಣ್ಣಿಗೇನಾದರೂ ದೋಷವಿದೆಯೋ ಅಂತ ಅವರಿಗೇ ಅನುಮಾನ ಬಂದು ಕಣ್ಣಿನ ಡಾಕ್ಟರಿಗೂ ತೋರಿಸಿದ್ದಾಯಿತು. ಏನೂ ಇಲ್ಲ. ಕೊನೆಗೆ ನನಗೇ ಹೊಳೆಯಿತು. ನಾವು ಹುಟ್ಟಿದಾಗಿನಿಂದ ಕೇಳಿದ್ದು ಒಂದೇ ಮಾತಲ್ಲವೇ ಅತ್ತಿಗೆ? ಸಂಕ ದಾಟುವಾಗ ನೀರು ನೋಡಬಾರದು, ಕಣ್ಣು ಆಡಿಸಬಾರದು, ಆಚೆ ದಡದ ಸುಣ್ಣದ ಬೊಟ್ಟು ನೋಡುತ್ತ ಹೋಗಬೇಕು. ನೀರಿನ ಜೊತೆ ಕಣ್ಣು ಹೋದರೆ ಕಣ್ಣಿನ ಜೊತೆ ಮನುಷ್ಯನೂ ಹೋಗುತ್ತಾನೆ ಅಂತ ಅಪ್ಪಯ್ಯ ಹೇಳುತ್ತಿದ್ದ. ಆ ದಿನದ ಚಿತ್ರ ಬಂದರೆ ನಾನು ಮತ್ತೆ ಸಂಕದ ಮೇಲೇ ಇರುತ್ತೇನೆ. ಅಲ್ಲಿ ಕಣ್ಣು ಆಡಿಸು ಅಂದರೆ ಹೇಗೆ ಆಡಿಸಲಿ? ಸಂಕ ಅಂದರೇನು ಅಂತ ಡಾಕ್ಟರರಿಗೆ ಬಿಡಿಸಿ ಹೇಳಬೇಕಾಯಿತು. ಹಳ್ಳಕ್ಕೆ ಅಡ್ಡ ಎರಡು ಅಡಿಕೆ ಮರ ಹಾಕಿ ಬಳ್ಳಿ ಬಿಗಿದದ್ದು, ಮಳೆಗಾಲಕ್ಕೆ ಮಾತ್ರ ಇರುವುದು ಅಂದೆ. ಕೇಳಿ ಅವರಿಗೇ ಕಾಲು ಜುಮ್ಮೆಂದಿತಂತೆ.

ಅಳಿಸುವುದಿಲ್ಲ ಅನ್ನುತ್ತಾರೆ. ನನಗೂ ಸರಿಯಾಗಿ ತಿಳಿದಿಲ್ಲ. ಒಂದು ಸಲ ಮುಗಿಸಿ ಬಂದಾಗ ಚಿತ್ರ ಸ್ವಲ್ಪ ದೂರ ಹೋದ ಹಾಗಿತ್ತು. ನೀವು ಕೇಳಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ. ನನಗೆ ಅಂಥದ್ದೇನೂ ತೊಂದರೆಯಿಲ್ಲ. ರಸ್ತೆ ದಾಟುವುದು ಸ್ವಲ್ಪ ಕಷ್ಟ, ಅಷ್ಟೆ.

ನಿಮ್ಮ
ಶ್ರೀವಾಣಿ

ದೊಡ್ಮನೆ
12 ಫೆಬ್ರವರಿ 2002

ವಾಣಿ,

ಮದುವೆಯಾಗುವ ತನಕ ನನಗೆ "ನೀನು" ಅನ್ನುತ್ತಿದ್ದವಳು, ಧಾರವಾಡದ ಗಾಳಿ ತಾಗಿ "ನೀವು" ಅನ್ನಲು ಕಲಿತಿದ್ದೀಯ. ಬಹುವಚನದ ಹಿಂದೆ ಅಡಗಿ ಕೂತರೆ ನನಗೆ ಕಾಣುವುದಿಲ್ಲವೇ? ಎರಡು ಪುಟ ಡಾಕ್ಟರರ ಬೆರಳಿನ ಬಗ್ಗೆ ಬರೆದೆ. ನಾನು ಕೇಳಿದ್ದಕ್ಕೆ ಅರ್ಧ ಸಾಲೂ ಇಲ್ಲ.

ಚಿತ್ರ ದೂರ ಹೋಯಿತು ಅಂತ ಬರೆದಿದ್ದೀಯ. ದೂರ ಹೋಗುವುದೆಂದರೇನು? ಇವತ್ತು ದೂರ ಹೋದದ್ದು ನಾಳೆ ಕಾಣದೆ ಹೋಗುತ್ತದೆ. ಮಧುಕೇಶ್ವರ ಹೇಳಿದ್ದೂ ಅದನ್ನೇ.

ನನ್ನ ಹತ್ತಿರ ಏನಿದೆ ಗೊತ್ತೇನು? ಬೆಳಿಗ್ಗೆ ನಾನು ಒಲೆಯ ಮುಂದೆ ತೆಳ್ಳೇವು ದೋಸೆ ಎರೆಯುತ್ತ ಕೂತಿದ್ದೆ. ಅವನು ಎರಡು ತಿಂದು ಮೂರನೆಯದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಹೊರಟ. ಆಮೇಲೆ ಕಾವಲಿಯ ಮೇಲೆ ತೆಳ್ಳೇವು ಸೀದ ವಾಸನೆ. ಅಷ್ಟೇ. ಅಲ್ಲಿಂದ ಮುಂದೆ ಎಚ್ಚರಾದದ್ದು ಒಳಗಿನ ಕೋಣೆಯ ಚಾಪೆಯ ಮೇಲೆ, ಸುತ್ತ ಜನ. ಯಾರು ಬಂದು ನನಗೆ ಸುದ್ದಿ ಹೇಳಿದರು ಅನ್ನುವುದೂ ನೆನಪಿಲ್ಲ. ಹೆತ್ತವಳಿಗೆ ಸಿಕ್ಕಿದ್ದು ಸೀದ ವಾಸನೆ, ನಿನಗೆ ಸಿಕ್ಕಿದ್ದು ಮಗ. ಆಗಿನಿಂದ ಈ ಮನೆಯಲ್ಲಿ ನಾನು ತೆಳ್ಳೇವು ಎರೆದಿಲ್ಲ. ಅಭಿಜ್ಞಾ ಪಕ್ಕದ ಮನೆಯಲ್ಲಿ ತಿಂದು ಬರುತ್ತಾಳೆ.

ನನಗೆ ಸಿಟ್ಟಿಲ್ಲ. ಸಿಟ್ಟಿದೆ, ಯಾರ ಮೇಲೆ ಅಂತ ತಿಳಿಯುವುದಿಲ್ಲ. ಬರೆ ವಾಣಿ.

ವಿನೋದಾ

ಧಾರವಾಡ
5 ಮಾರ್ಚ್ 2002

ಅತ್ತಿಗೆ,

ನಾನು ಡಾಕ್ಟರರ ಹತ್ತಿರ ಹೋಗುವುದನ್ನು ಬಿಟ್ಟಿದ್ದೇನೆ.

ನಿಮ್ಮ ಪತ್ರ ಓದಿ ಯೋಚಿಸಿದೆ. ನೀವು ಹೇಳಿದ್ದು ಸರಿ. ಅವನು ನನ್ನವನಲ್ಲ, ನಿಮ್ಮವನು. ನಿಮ್ಮ ವಸ್ತುವನ್ನು ನಿಮ್ಮನ್ನು ಕೇಳದೆ ದೂರ ಕಳಿಸಲು ನಾನು ಯಾರು? ಅದು ಎಲ್ಲೂ ಹೋಗಿಲ್ಲ. ದಿನಾ ಇಲ್ಲಿಯೇ ಇದೆ. ಆದರೆ ಬರೆಯಲು ಕೂತರೆ ಕೈ ನಡೆಯುವುದಿಲ್ಲ. ಇವತ್ತು ಬೆಳಿಗ್ಗೆಯಿಂದ ಕಾಗದ ಹರಿಯುತ್ತಿದ್ದೇನೆ. ನನಗೆ ಸ್ವಲ್ಪ ಸಮಯ ಕೊಡಿ.

ನಾವು ಆರಾಮ ಇದ್ದೇವೆ. ಆಯಿಯ ಮಂಡಿಗೆ ಹಚ್ಚುವ ಎಣ್ಣೆ ಕಳಿಸುತ್ತೇನೆ.

ಶ್ರೀವಾಣಿ

ದೊಡ್ಮನೆ
18 ಮಾರ್ಚ್ 2002

ಪ್ರೀತಿಯ ವಾಣಿ,

ಬಿಟ್ಟದ್ದು ಒಳ್ಳೆಯದಾಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ರಸ್ತೆ ದಾಟಲು ಕಷ್ಟ ಅನ್ನುವುದಕ್ಕೆಲ್ಲ ಡಾಕ್ಟರು ಬೇಕೇ? ನನಗೂ ಶಿರಸಿ ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟಲು ಬರುವುದಿಲ್ಲ. ಯಾರದ್ದಾದರೂ ಹಿಂದೆ ಹಿಂದೆ ಹೋಗಿಬಿಡುತ್ತೇನೆ, ಅವರು ಸತ್ತರೆ ನಾನೂ ಸತ್ತೆ.

ನೀನು ನಿಧಾನವಾಗಿ ಬರೆ, ಅವಸರವಿಲ್ಲ. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ತಿಂಗಳು ಹೆಚ್ಚಲ್ಲ. ಅಪ್ಪೆಮಿಡಿ ಈ ಸಲ ಚೆನ್ನಾಗಿ ಸಿಕ್ಕಿದೆ. ಒಂದು ಭರಣಿ ಉಪ್ಪಿನಕಾಯಿ ಹಾಕಿಟ್ಟಿದ್ದೇನೆ. ಮಧುಕೇಶ್ವರ ಕ್ಯಾಸೆಟ್ ತರಲು ಹುಬ್ಬಳ್ಳಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ದಾರಿಯಲ್ಲಿ ಮುಚ್ಚಳ ತೆಗೆಯದಂತೆ ಬಟ್ಟೆ ಕಟ್ಟಿ ಗಂಟು ಹಾಕಿದ್ದೇನೆ. ಗಂಟು ಬೇರೆ ಥರ ಇದ್ದರೆ ನನಗೆ ತಿಳಿಸು.

ನಿನ್ನ
ವಿನೋದಾ

ದೊಡ್ಮನೆ
16 ಏಪ್ರಿಲ್ 2002

ವಾಣಿ,

ನನ್ನ ಪತ್ರಕ್ಕೆ ನಿನ್ನ ಉತ್ತರ ಬರಲಿಲ್ಲ. ಯುಗಾದಿಗೆ ಮಧುಕೇಶ್ವರ ಬಂದ. ಭರಣಿ ಕೊಟ್ಟು ಬಂದೆ, ಅಲ್ಲಿ ಎಲ್ಲ ಸರಿ ಇದ್ದಾರೆ ಅಂದ. ಅವನು ಹಾಗೆ ಅಂದದ್ದು ಅತ್ತೆಯ ಮುಂದೆ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಉಳಿದದ್ದು ಹೇಳಿದ.

ಅವನು ಬಂದ ಬೆಳಿಗ್ಗೆ ನಿಮ್ಮ ನಲ್ಲಿಗೆ ನೀರು ಬಂದಿತ್ತಂತೆ. ಅಂಗಳದ ಕಲ್ಲಿನ ಮೇಲೆ ನೀರು ಹರಿಯುತ್ತಿತ್ತಂತೆ. ನೀನು ಬಾಗಿಲ ದಾರಂದ ಹಿಡಿದುಕೊಂಡು ನಿಂತಿದ್ದೆಯಂತೆ, ಮುಖದಲ್ಲಿ ರಕ್ತವೇ ಇಲ್ಲ. ಅವನು "ವಾಣಿ" ಅಂದರೂ ತಿರುಗಲಿಲ್ಲವಂತೆ. ಸುಹಾಸ ಭಾವ ಬಂದು ನಲ್ಲಿ ನಿಲ್ಲಿಸಿ, ಅಂಗಳ ಒಣಬಟ್ಟೆಯಲ್ಲಿ ಒರೆಸಿದ ಮೇಲೆ ನಿನ್ನ ಕೈ ಬಿಡಿಸಿ ಒಳಗೆ ಕರೆದುಕೊಂಡು ಹೋದರಂತೆ. ಮಳೆಗಾಲದಲ್ಲಿ ನೀನು ಮನೆಯ ಹೊರಗೆ ಕಾಲಿಡುವುದಿಲ್ಲವಂತೆ. ಮಗು ಬೇಡ, ನನ್ನ ಕೈಗೆ ಮಗುವನ್ನು ಕೊಡಬೇಡಿ ಅಂದಿದ್ದೀಯಂತೆ. ಮದುವೆಯಾದಾಗಿನಿಂದ ಹೀಗೇ ಇತ್ತಂತೆ. ಡಾಕ್ಟರರ ಹತ್ತಿರ ಹೋದ ಮೇಲೆ ತುಸು ಸುಧಾರಿಸಿತ್ತು, ಬಿಟ್ಟ ಮೇಲೆ ಮೊದಲಿಗಿಂತ ಹೆಚ್ಚಾಯಿತು ಅಂತ ಭಾವ ಕಣ್ಣೀರು ತೆಗೆದರಂತೆ.

ನಾನು ಇಲ್ಲಿ ತೊಟ್ಟಿಲು ಯಾವಾಗ ಅಂತ ತಮಾಷೆ ಬರೆಯುತ್ತ ಕೂತಿದ್ದೆ. ಬಸ್‌ಸ್ಟ್ಯಾಂಡಿನ ಕಥೆ ಬೇರೆ. ನಿನಗೆ ನನ್ನ ಮುಖಕ್ಕೆ ಉಗಿಯಬೇಕು ಅನ್ನಿಸಲಿಲ್ಲವೇ? ಯಾಕೆ ಒಂದು ಸಾಲು ಬರೆಯಲಿಲ್ಲ? ಆರಾಮ ಇದ್ದೇವೆ ಅಂತ ಯಾವ ಬಾಯಿಂದ ಬರೆದೆ?

ಹೋಗು. ನಾಳೆಯೇ ಹೋಗು. ಅಳಿಸಿದರೆ ಅಳಿಸಲಿ. ಈ ಮಾತು ಬರೆಯುವಾಗ ನನ್ನ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಮಗನನ್ನು ನೆನಪಿಟ್ಟುಕೊಳ್ಳುವುದಕ್ಕೆ ಇನ್ನೊಂದು ಜೀವ ಒಣಗಬೇಕು ಅಂದರೆ ಅಂಥ ನೆನಪು ನನಗೆ ಬೇಡ. ನನಗೆ ಸೀದ ವಾಸನೆ ಸಾಕು.

ನಿನ್ನ ಅತ್ತಿಗೆ

ಧಾರವಾಡ
6 ಮೇ 2002

ಅತ್ತಿಗೆ,

ನಿಮ್ಮ ಪತ್ರ ತಲೆದಿಂಬಿನ ಕೆಳಗಿದೆ. ಮತ್ತೆ ಹೋಗುತ್ತಿದ್ದೇನೆ.

ಈ ಸಲ ಡಾಕ್ಟರರು ಬೆರಳು ಬಿಟ್ಟರು. ನನ್ನ ಎರಡು ಕೈಗಳನ್ನು ಮೊಣಕಾಲ ಮೇಲೆ ಇಡಿಸಿ, ಎಡಗೈ ಒಮ್ಮೆ ಬಲಗೈ ಒಮ್ಮೆ ಮೆಲ್ಲಗೆ ತಟ್ಟಿದರು. "ಕಣ್ಣು ಎಲ್ಲಿ ಬೇಕೋ ಅಲ್ಲಿ ಇಟ್ಕೊಳ್ರಿ, ನಿಮ್ಮ ಸುಣ್ಣದ ಬೊಟ್ಟು ನೋಡ್ರಿ" ಅಂದರು. ಹಾಗೆ ಸ್ವಲ್ಪ ದಿನ ನಡೆಯಿತು. ಮೊನ್ನೆ ತಟ್ಟುತ್ತ ತಟ್ಟುತ್ತ ಬೆರಳು ಎತ್ತಿದರು, ನನಗೆ ಗೊತ್ತಿಲ್ಲದ ಹಾಗೆ ಕಣ್ಣು ಕ್ಯಾಲೆಂಡರ್ ಬಿಟ್ಟು ಅವರ ಬೆರಳ ಹಿಂದೆ ಹೋಯಿತು. ನಾನು ನೀರಿಗೆ ಬೀಳಲಿಲ್ಲ. ಕುರ್ಚಿಯ ಮೇಲೇ ಇದ್ದೆ. ಮಗುವಿನ ಹಾಗೆ ಅತ್ತುಬಿಟ್ಟೆ.

ಈಗ ನೀವು ಕೇಳಿದ್ದು. ಬರೆಯುತ್ತೇನೆ, ನಡುವೆ ನಿಲ್ಲಿಸುವುದಿಲ್ಲ.

ಇಷ್ಟು ವರ್ಷ ನನಗೆ ಕಾಣುವ ಚಿತ್ರ ಒಂದೇ. ನನ್ನ ಬಲಗೈಯಲ್ಲಿ ಅವನ ಕೈ ಇದೆ. ಬಿಗಿಯಾಗಿ ಹಿಡಿದಿದ್ದೇನೆ. ಅದು ಜಾರುತ್ತದೆ. ಬೆರಳು ಬೆರಳಾಗಿ ಜಾರುತ್ತದೆ. ಬಳೆ ಒಡೆದ ಸದ್ದು, ಹಸಿರು ಚೂರು ಕೆಸರಿನ ಮೇಲೆ. ಮೊದಲೂ ಇಲ್ಲ, ಕೊನೆಯೂ ಇಲ್ಲ, ಇಷ್ಟೇ ಮತ್ತೆ ಮತ್ತೆ. ಮಗ್ಗದ ಸೀರೆಯಂಗಡಿಯಲ್ಲಿ, ಅಡಿಗೆಮನೆಯಲ್ಲಿ, ಇವರು ಪ್ರೀತಿಯಿಂದ ನನ್ನ ಕೈ ಹಿಡಿದಾಗಲೂ.

ನಾನು ನಿಮ್ಮ ಮಗನ ಕೈ ಬಿಟ್ಟೆ ಅತ್ತಿಗೆ. ನೀವು ಕೊನೆಯ ಗಳಿಗೆ ಕೇಳಿದಿರಿ. ಅದು ಇದು. ಅವನು ಏನಾದರೂ ಹೇಳಿದನೇ ಅನ್ನುವುದು ನನಗೆ ಕೇಳಿಸುತ್ತಿಲ್ಲ. ಮುಖವೂ ಕಾಣುತ್ತಿಲ್ಲ. ಕೈ ಮಾತ್ರ.

ಇದನ್ನು ಓದಿದ ಮೇಲೆ ನೀವು ಪತ್ರ ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಶ್ರೀವಾಣಿ

ದೊಡ್ಮನೆ
4 ಜೂನ್ 2002

ವಾಣಿ,

ನಿನ್ನ ಪತ್ರಕ್ಕೆ ತಕ್ಷಣ ಉತ್ತರಿಸಲಿಲ್ಲ. ಮೊದಲ ವಾರ ಸಿಟ್ಟು ಬಂದಿತ್ತು. ಹೌದು, ಬಂದಿತ್ತು. ನೀನು ಕೈ ಬಿಟ್ಟೆ ಅಂತ ಓದಿದ ದಿನ ನಾನು ಒಲೆ ಹಚ್ಚಲಿಲ್ಲ. ಇವರು ಅವಲಕ್ಕಿ ತಿಂದು ಸುಮ್ಮನೆ ಮಲಗಿದರು. ಎರಡನೆಯ ವಾರ ನಿನ್ನ ಮೇಲೆ ಕನಿಕರ ಬಂತು. ಮೂರನೆಯ ವಾರ ಏನೂ ತಿಳಿಯದಂತಾಯಿತು.

ಅಷ್ಟರಲ್ಲಿ ಶಾಲೆ ಸುರುವಾಗುವ ಹೊತ್ತಾಯಿತು. ಆ ಘಟನೆಯ ಮೇಲೆ ನಾನು ಹಳ್ಳದ ಕಡೆ ತಲೆ ಹಾಕಿದವಳಲ್ಲ, ನಿನಗೆ ಗೊತ್ತು. ಮಳೆಗಾಲದಲ್ಲಿ ಎಲ್ಲಿಗೆ ಹೋಗುವುದಿದ್ದರೂ ಸುತ್ತು ಹಾಕಿ ಡಾಂಬರು ರಸ್ತೆಯಲ್ಲಿ. ಆದರೆ ಅಭಿಜ್ಞಾಳನ್ನು ದಿನಾ ಆ ಸುತ್ತಿನಲ್ಲಿ ನಡೆಸಲು ಆಗುತ್ತದೆಯೇ? ಕಳೆದ ವಾರ ತೋಟದ ಕೆಲಸದ ಬೀರ ಬಂದು ಇವರ ಜೊತೆ ಸೇರಿ ಈ ವರ್ಷದ ಸಂಕ ಕಟ್ಟಿದ. ನಿನ್ನೆ ಎದೆ ಗಟ್ಟಿ ಮಾಡಿಕೊಂಡು ನೋಡಲು ಹೋದೆ.

ಸಂಕದ ಈಚೆ ತಲೆಯಲ್ಲಿ ನಿಂತೆ. ಎರಡು ಅಡಿಕೆ ಮರ, ಪಕ್ಕಕ್ಕೆ ಹಿಡಿಯಲು ಒಂದು ಬಿದಿರ ಗಳ. ಯಾವತ್ತೂ ಇದ್ದ ಹಾಗೇ. ಅಭಿಜ್ಞಾಳಿಗೆ ಇವರು ದಾಟಲು ಕಲಿಸುತ್ತಿದ್ದರು. ಮಗು ಮುಂದೆ, ದೊಡ್ಡವರು ಬೆನ್ನ ಹಿಂದೆ. ಇವರ ಒಂದು ಕೈ ಗಳದ ಮೇಲೆ, ಇನ್ನೊಂದು ಕೈಯಲ್ಲಿ ಮುಚ್ಚಿದ ಕೊಡೆ. ಅಭಿಜ್ಞಾಳ ಪಾಟಿಚೀಲ ಇವರ ಹೆಗಲಿಗೆ. ಅವಳ ಒಂದು ಕೈ ಗಳದ ಮೇಲೆ, ಇನ್ನೊಂದು ಕೈಯಲ್ಲಿ ತಿನ್ನುವ ಪೇರಲೆ. ನಾನು ನೋಡುತ್ತ ನಿಂತೇ ಇದ್ದೆ. ಆಮೇಲೆ ತಲೆಗೆ ಹೋಯಿತು.

ಸಂಕದ ಮೇಲೆ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ ವಾಣಿ. ಹಿಡಿಯಲು ಬರುವುದೇ ಇಲ್ಲ. ಇಬ್ಬರಿಗೆ ಜಾಗವಿಲ್ಲ, ಖಾಲಿ ಕೈಯೂ ಇಲ್ಲ. ಹಿಡಿದರೆ ಇಬ್ಬರೂ ಹೋಗುತ್ತಾರೆ ಅಂತ ಹುಟ್ಟಿದ ಮಗುವಿಗೂ ಗೊತ್ತು. ನೀನು ಈ ಹಳ್ಳದ ಮೇಲೆ ಬೆಳೆದವಳು, ಆ ದಿನ ಮಾತ್ರ ಬೇರೆ ಥರ ದಾಟಿಸಿದೆಯೇ? ನಂದನನ ಕೈಯಲ್ಲಿ ಮಡಚಿದ ತೆಳ್ಳೇವು ಬೇರೆ ಇತ್ತು.

ನೀನು ಸುಳ್ಳು ಹೇಳುವವಳಲ್ಲ. ಸಂಕವೂ ಸುಳ್ಳು ಹೇಳುವುದಿಲ್ಲ. ನನಗೆ ತಲೆ ತಿರುಗಿಹೋಗಿದೆ. ನೀನು ಹಿಡಿದದ್ದು ಯಾರ ಕೈ?

ವಿನೋದಾ

ಧಾರವಾಡ
19 ಜೂನ್ 2002

ಅತ್ತಿಗೆ,

ನಿಮ್ಮ ಪತ್ರವನ್ನು ಡಾಕ್ಟರರಿಗೆ ಓದಿ ಹೇಳಿದೆ. ಅವರು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ "ಒಂದು ಮಾತು ಮೊದಲು ಹೇಳ್ತೀನ್ರಿ. ಇಲ್ಲಿ ಬರೋ ನೆನಪು ಕೋರ್ಟಿನ ಸಾಕ್ಷಿ ಅಲ್ಲ. ಏನು ಕಂಡ್ರೂ ಊರಿನವರನ್ನ ಕೇಳಿ ನೋಡ್ರಿ" ಅಂದರು. ನಾನು ನಿಮ್ಮ ಪ್ರಶ್ನೆಯನ್ನೇ ಮನಸ್ಸಿನಲ್ಲಿ ಹಿಡಿದು ಅವರ ಬೆರಳು ನೋಡಿದೆ.

ಕಂಡದ್ದು ಬರೆಯುತ್ತೇನೆ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.

ಅವನು ಮುಂದೆ ಇದ್ದಾನೆ. ನನ್ನ ಕೈ ಗಳದ ಮೇಲಿದೆ, ಇನ್ನೊಂದರಲ್ಲಿ ಕೊಡೆ. ಅವನ ಕುತ್ತಿಗೆ ಕಾಣುತ್ತದೆ, ಹೊಸದಾಗಿ ಕ್ಷೌರ ಮಾಡಿಸಿದ್ದು. ಅವನು ಸುಣ್ಣದ ಬೊಟ್ಟನ್ನೇ ನೋಡುತ್ತಿದ್ದ, ಜಾಣನ ಹಾಗೆ. ಬಾಯಿತುಂಬ ತೆಳ್ಳೇವು ಇಟ್ಟುಕೊಂಡು, ತಿರುಗದೆ, "ಅತ್ತೆ, ಸಂಜಿಗೂ ತೆಳ್ಳೇವು ಇರ್ತಾ?" ಅಂದ. "ಇರ್ತು, ನೀ ಮುಂದೆ ನೋಡು" ಅಂದೆ. ಆಗ ಆಚೆ ದಡದ ಮಣ್ಣು ಕುಸಿದು ಸಂಕದ ಮರದ ತಲೆ ಪಕ್ಕಕ್ಕೆ ಉರುಳಿತು. ನಾನು ಗಳಕ್ಕೆ ಜೋತುಬಿದ್ದೆ. ಅವನು ಇರಲಿಲ್ಲ. ಕೂಗಲಿಲ್ಲ ಅತ್ತಿಗೆ. ಹೆದರಲೂ ಅವನಿಗೆ ಹೊತ್ತಿರಲಿಲ್ಲ.

ನಾನು ತೆವಳಿಕೊಂಡು ಮನೆಯ ಕಡೆಯ ದಡಕ್ಕೆ ಬಂದೆ. ಕಿರುಚುತ್ತಿದ್ದೆ. ಕೈ ಬರುವುದು ಇಲ್ಲಿ. ದಡದ ಮೇಲೆ, ಸಂಕದ ಮೇಲೆ ಅಲ್ಲ. ಅದು ಸಣ್ಣ ಕೈಯಲ್ಲ. ಅದರಲ್ಲಿ ಹಸಿರು ಬಳೆ ಇವೆ. ನಾನು ಆಗ ಕಾಲೇಜಿಗೆ ಹೋಗುವವಳು, ವಾಚು ಬಿಟ್ಟರೆ ಕೈಗೆ ಏನೂ ಹಾಕುತ್ತಿರಲಿಲ್ಲ. ಏಳು ವರ್ಷದ ಗಂಡುಮಗುವಿನ ಕೈಯಲ್ಲಿ ಬಳೆ ಎಲ್ಲಿಂದ ಬಂತು ಅಂತ ಇಷ್ಟು ದಿನ ನಾನು ಯೋಚಿಸಲೇ ಇಲ್ಲ ನೋಡು. ಆ ಕೈ ನೀರಿನ ಕಡೆ ಎಳೆಯುತ್ತಿದೆ. ಜಾರುತ್ತಿದೆ. ಯಾಕೆ ಜಾರುತ್ತಿದೆ ಅಂದರೆ ಅದರ ತುಂಬ ತೆಳ್ಳೇವಿನ ಹಿಟ್ಟು ಮೆತ್ತಿದೆ.

ಅತ್ತಿಗೆ, ಅದು ನಿನ್ನ ಕೈ. ನೀನು ಅಲ್ಲಿದ್ದೆ.

ಹೀಗೆ ನನಗೆ ಕಾಣುತ್ತದೆ. ನಿಜವೋ, ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ಮನಸ್ಸು ಕಟ್ಟಿದ ಕಥೆಯೋ, ನನಗೆ ಭಯವಾಗುತ್ತದೆ. ಆಯಿಯನ್ನು ಕೇಳು. ಅವಳು ಆ ದಿನ ಮನೆಯಲ್ಲಿದ್ದಳು.

ವಾಣಿ

ದೊಡ್ಮನೆ
30 ಜೂನ್ 2002

ನನ್ನ ವಾಣಿ,

ಕೇಳಿದೆ. ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ನಿನ್ನ ಪತ್ರ ಓದಿ ಹೇಳಿದೆ. ಅವರ ಕೈ ನಿಂತಿತು.

"ನೀನು ಅಲ್ಲೇ ಇದ್ದಿದ್ಯಲೆ" ಅಂದರು. "ವಾಣಿ ಕೂಗಿದ್ದು ಕೇಳಿ ಕಾವಲಿ ಬಿಟ್ಟಿಕ್ಕೆ ಓಡಿದೆ. ಆನು ಹಿಂದಿಂದ ಬಪ್ಪಷ್ಟರಲ್ಲಿ ನೀ ನೀರಿಗೆ ಹಾರಲೆ ನೋಡ್ತಾ ಇದ್ದಿದ್ದೆ. ವಾಣಿ ನಿನ್ನ ಕೈ ಹಿಡ್ಕಂಡಿತ್ತು. ಒಂದ್ಸಲ ಜಾರಿ ಹೋತು, ಮತ್ತೆ ಹಿಡತ್ತು. ಬಳೆ ಎಲ್ಲ ಒಡದು ರಕ್ತ ಸುರೀತಿತ್ತು. ಬಿಟ್ಟಿದ್ದಿಲ್ಲೆ." ಮರುದಿನ ನನಗೆ ಅದರ ನೆನಪಿಲ್ಲ ಅಂತ ಗೊತ್ತಾದಾಗ, ಮರೆತದ್ದೇ ದೇವರು ಕೊಟ್ಟದ್ದು ಅಂದುಕೊಂಡು ಸುಮ್ಮನಾದರಂತೆ. ಮನೆಯವರಿಗೂ ಬಾಯಿ ಬಿಡಬೇಡಿ ಅಂದರಂತೆ. ನೀನು ಮನಸ್ಸಿನಲ್ಲಿ ಏನು ಕಟ್ಟಿಕೊಂಡು ಹೋದೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ಈಗ ಎರಡು ದಿನದಿಂದ ಅಳುತ್ತಿದ್ದಾರೆ. ನಿನ್ನ ಅಣ್ಣಯ್ಯನ ಬಾಯಿ ಮೊದಲ ಸಲ ಬಂದ್ ಆಗಿದೆ.

ನನ್ನ ಎಡಗೈ ಗಾಯ ಮೆಟ್ಟುಗತ್ತಿಯದ್ದು ಅಂತ ಹೇಳಿದ್ದೂ ಅತ್ತೆಯೇ. ನಾನು ನಂಬಿದೆ. ಆಷಾಢದ ಮಳೆಯಲ್ಲಿ ಅಡಿಕೆ ಸುಲಿಯುವವರು ಯಾರಿದ್ದಾರೆ ಅಂತ ನನಗೂ ಹೊಳೆಯಲಿಲ್ಲ. ನಾವಿಬ್ಬರೂ ಒಳ್ಳೆಯ ದಡ್ಡರು.

ಒಂದು ಮಾತು ಮುಚ್ಚಿಡುವುದಿಲ್ಲ. ಅತ್ತೆ ಹೇಳಿದ ದಿನ ಸಂಜೆಯವರೆಗೂ ನನಗೆ ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು, ಯಾಕೆ ಹಿಡಿದೆ, ಬಿಟ್ಟಿದ್ದರೆ ನಾನೂ ಅವನ ಜೊತೆ ಹೋಗುತ್ತಿದ್ದೆ ಅಂತ. ಅಷ್ಟರಲ್ಲಿ ಅಭಿಜ್ಞಾ ಶಾಲೆಯಿಂದ ಬಂದು ಒದ್ದೆ ಕಾಲಿನಲ್ಲೇ ಮಡಿಲಿಗೆ ಹಾರಿದಳು. ನೀನು ಬಿಟ್ಟಿದ್ದರೆ ಇವಳಿಲ್ಲ. ಆಗ ಅತ್ತುಬಿಟ್ಟೆ. ಎಷ್ಟು ಅತ್ತೆನೆಂದರೆ ಅವಳು ಹೆದರಿ ಅಜ್ಜಿಯನ್ನು ಕರೆತಂದಳು.

ಇವತ್ತು ಬೆಳಿಗ್ಗೆ ತೆಳ್ಳೇವು ಎರೆದೆ. ಸಂಜೆಗೂ ಇಟ್ಟಿದ್ದೇನೆ. ಅವನು ಕೇಳಿದ್ದನಲ್ಲ.

ಬಾ ವಾಣಿ. ಮಳೆ ಇದೆ, ಹಳ್ಳ ತುಂಬಿದೆ, ನಿನಗೆ ಕಷ್ಟ ಅಂತ ಗೊತ್ತು. ಡಾಕ್ಟರರು ಈಗ ಬೇಡ ಅಂದರೆ ದೀಪಾವಳಿಗೆ ಬಾ, ಆಗಲೂ ಆಗದಿದ್ದರೆ ಹಳ್ಳ ಒಣಗಿದ ಮೇಲೆ ಬಾ, ಸಂಕ ಮುಂದಿನ ಮಳೆಗಾಲಕ್ಕಾಯಿತು. ಅಭಿಜ್ಞಾ ದಿನಾ "ವಾಣಿ ಅತ್ತೆ ಬತ್ತಾ?" ಅಂತ ಕೇಳುತ್ತಾಳೆ. ಬತ್ತು, ಬಂದ ಮೇಲೆ ಅವಳನ್ನು ಸಂಕ ದಾಟಿಸುವುದು ವಾಣಿ ಅತ್ತೆಯೇ ಅಂತ ಹೇಳಿಟ್ಟಿದ್ದೇನೆ. ಇವರೂ ಹೂಂ ಅಂದಿದ್ದಾರೆ. ನನ್ನ ಮಗಳನ್ನು ನಿನ್ನ ಮುಂದೆ ನಡೆಸಿ ನಾನು ದಡದ ಮೇಲೆ ನಿಲ್ಲುತ್ತೇನೆ.

ನನಗೆ ಇನ್ನೂ ಏನೂ ನೆನಪಿಲ್ಲ. ನಿನ್ನ ಪತ್ರ ಓದುತ್ತೇನೆ, ಗಾಯ ಮುಟ್ಟಿ ನೋಡುತ್ತೇನೆ, ಬೇರೆ ಯಾರಿಗೋ ಆದದ್ದನ್ನು ಕೇಳಿದ ಹಾಗಿದೆ. ಅಳಿಸಬೇಡಿ ಅಂತ ಗೋಳಾಡಿದವಳ ಹತ್ತಿರವೇ ಏನೂ ಇಲ್ಲ. ಮುಂದಿನ ಸಲ ಹೋದಾಗ ನಿನ್ನ ಡಾಕ್ಟರರನ್ನು ಒಂದು ಮಾತು ಕೇಳಿಕೊಂಡು ಬಾ, ಏನೂ ನೆನಪಿಲ್ಲದವರಿಗೂ ಅವರು ಬೆರಳು ಆಡಿಸುತ್ತಾರೆಯೇ ಅಂತ.

ನಿನ್ನ
ಅತ್ತಿಗೆ